ಹನಿಗೂಡಿದರೆ ದ್ರಾಕ್ಷಿ
ಬರದ ಸೀಮೆಯಲ್ಲಿ ಬಳ್ಳಿಯ ನೀರಿನ ಲೆಕ್ಕ

ಮಾಘ ಮಾಸ ಕಾಲಿಟ್ಟಿತೆಂದರೆ ಮುಂಬಯಿಯ ಬೀದಿಗಳಲ್ಲಿ ದ್ರಾಕ್ಷಿಯ ಕೈಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ದಾದರಿನ ಸ್ಟೇಷನ್ನಿನ ಹೊರಗೆ, ಮಾಟುಂಗದ ಮಾರ್ಕೆಟಿನ ಬಳಿ, ಉಪನಗರಗಳ ಸೇತುವೆಗಳ ಕೆಳಗೆ, ಎಲ್ಲಿ ನೋಡಿದರೂ ಹಸಿರು ಗೊಂಚಲುಗಳ ಗೋಪುರಗಳೇ. ಸಂಜೆ ಮನೆಗೆ ಮರಳುವ ನಮ್ಮವರು ಅರ್ಧ ಕಿಲೋ ಕಟ್ಟಿಸಿಕೊಂಡು, ಬೆಲೆ ಹೆಚ್ಚಾಯಿತೆಂದು ಗೊಣಗಿ, ಗಾಡಿ ಹಿಡಿಯುತ್ತಾರೆ. ಹಣ್ಣಿನ ಬೆಲೆ ಎಲ್ಲರಿಗೂ ಗೊತ್ತು. ಅದರೊಳಗಿನ ನೀರಿನ ಬೆಲೆ ಬಲ್ಲವರು ವಿರಳ. ನಾವೂ ಬಲ್ಲವರಾಗಿರಲಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬ ವಾಚಕರು ನಮಗೆ ಅದನ್ನು ಕಲಿಸಿಕೊಟ್ಟರು. ಆ ಪಾಠವನ್ನು ಉಳಿದ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಏಪ್ರಿಲಿನ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ತರುಣರೊಬ್ಬರು ಬಂದರು. ಜತ್ತ ಮತ್ತು ವಿಜಯಪುರಗಳ ನಡುವಣ ಒಂದು ಗಡಿಹಳ್ಳಿಯವರು. ಹತ್ತು ವರ್ಷಗಳಿಂದ ಮುಂಬಯಿಯಲ್ಲಿ ಟ್ಯಾಕ್ಸಿ ನಡೆಸುತ್ತಿದ್ದಾರೆ. ಊರಿನಲ್ಲಿ ತಂದೆಯವರಿಗೆ ಎರಡೆಕರೆ ದ್ರಾಕ್ಷಿ ತೋಟವಿದೆ, ಎರಡು ಕೊಳವೆಬಾವಿಗಳಿವೆ. ಎರಡರಲ್ಲಿಯೂ ನೀರು ತಗ್ಗುತ್ತ ಬಂದಿದೆ. ಮೂರನೆಯದನ್ನು ಕೊರೆಯಿಸಬೇಕು, ಹಣ ಕಳುಹಿಸು ಎಂದು ತಂದೆಯವರ ಮಾತು. ತರುಣರ ಬಳಿ ಹಣವಿಲ್ಲವೆಂದಲ್ಲ. ಡೊಂಬಿವಲಿಯಲ್ಲಿ ಒಂದು ಕೋಣೆ ಹಿಡಿಯಲೆಂದು ಹೆಂಡತಿಯೂ ಅವರೂ ಕೂಡಿ ಕಾಸಿಗೆ ಕಾಸು ಸೇರಿಸಿಟ್ಟಿದ್ದಾರೆ. “ಕೊಡದಿದ್ದರೆ ತಂದೆಗೆ ದ್ರೋಹ, ಕೊಟ್ಟರೆ ಹೆಂಡತಿ ಮಕ್ಕಳಿಗೆ ದ್ರೋಹ. ನಮ್ಮೂರಲ್ಲಿ ಹೋದ ವರ್ಷ ಕೊರೆದ ಬಾವಿಗಳಲ್ಲಿ ಬರೀ ಧೂಳು ಬಂದದ್ದೂ ಉಂಟು. ನೀವು ಪತ್ರಿಕೆಯವರು, ನಾಲ್ಕು ಜನರನ್ನು ಬಲ್ಲವರು. ಏನು ಮಾಡಲಿ ಹೇಳಿರಿ” ಎಂದರು.

ನಮ್ಮ ಜೀವಮಾನದ ಹೆಚ್ಚಿನ ಭಾಗ ಹೋಟೆಲಿನ ಗಲ್ಲೆಯ ಹಿಂದೆ ಕಳೆದುಹೋಗಿದೆ, ಹುಟ್ಟಿದ್ದು ಕರಾವಳಿಯಲ್ಲಿ. ದ್ರಾಕ್ಷಿಯ ವಿಚಾರದಲ್ಲಿ ನಾವು ಏನು ಹೇಳಬಲ್ಲೆವು? ಆದರೆ ಕೇಳಿದ ಪ್ರಶ್ನೆ ಒಂದು ಮನೆಯ ಅಳಿವು ಉಳಿವಿನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಲಿತ ಸ್ನೇಹಿತರೊಬ್ಬರನ್ನು ಜೊತೆಗೆ ಕರೆದುಕೊಂಡು, ಮೇ ತಿಂಗಳ ಮೊದಲ ವಾರದಲ್ಲಿ ಸೋಲಾಪುರದವರೆಗೆ ರೈಲಿನಲ್ಲಿಯೂ ಮುಂದೆ ಬಸ್ಸಿನಲ್ಲಿಯೂ ಪ್ರಯಾಣ ಮಾಡಿ ಆ ಹಳ್ಳಿಗೆ ಹೋದೆವು.

ಕಲ್ಲಿನ ನೆಲ, ಅಳತೆಯ ಮಳೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಬೀಳುತ್ತದೆ. ವಿಜಯಪುರ, ಜತ್ತ, ತಾಸಗಾವಗಳ ಸೀಮೆಯಲ್ಲಿ ಬೀಳುವುದು ೬೦೦ ಮಿಲಿಮೀಟರಿನ ಆಸುಪಾಸು. ಅದೂ ಪ್ರತಿವರ್ಷ ಬಂದೀತೆಂಬ ಭರವಸೆಯಿಲ್ಲ. ಕೆಳಗಿರುವುದು ದಖ್ಖಣದ ಕಪ್ಪು ಬಂಡೆ. ಆ ಬಂಡೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿಯೂ ಅಲ್ಲಲ್ಲಿನ ಬಿರುಕುಗಳಲ್ಲಿಯೂ ಮಾತ್ರ. ಬಿರುಕು ಸಿಕ್ಕಿದವನಿಗೆ ನೀರು, ಸಿಕ್ಕದವನಿಗೆ ಧೂಳು. ಆಳಕ್ಕೆ ಹೋದಷ್ಟೂ ನೀರು ಹೆಚ್ಚುತ್ತದೆಂಬ ನಂಬಿಕೆಗೆ ಈ ನೆಲದಲ್ಲಿ ಆಧಾರವಿಲ್ಲ.

ಹಾಗಿದ್ದರೆ ಇಂತಹ ಸೀಮೆಯಲ್ಲಿ ದ್ರಾಕ್ಷಿಯನ್ನೇಕೆ ಬೆಳೆಯಬೇಕು ಎಂದು ವಾಚಕರು ಕೇಳಬಹುದು. ಉತ್ತರ ವಿಚಿತ್ರವಾದರೂ ಸರಳ. ದ್ರಾಕ್ಷಿಗೆ ಬೇರಿನಲ್ಲಿ ನೀರು ಬೇಕು, ಎಲೆಯ ಮೇಲೆ ಬೇಡ. ಮಳೆಯೂ ಮಂಜೂ ಹೆಚ್ಚಿದಲ್ಲಿ ಬೂಜು ರೋಗ ಬಳ್ಳಿಯನ್ನು ತಿನ್ನುತ್ತದೆ. ಹಣ್ಣಾಗುವ ವೇಳೆಗೆ ಮಳೆ ಬಂದರೆ ಕಾಯಿ ಸೀಳುತ್ತದೆ. ಒಣ ಹವೆ, ಉರಿ ಬಿಸಿಲು, ತಂಪು ರಾತ್ರಿ ಇವುಗಳಿಂದ ಹಣ್ಣಿನಲ್ಲಿ ಸಕ್ಕರೆ ತುಂಬುತ್ತದೆ. ಅದೇ ಒಣ ಹವೆ ದ್ರಾಕ್ಷಿಯನ್ನು ನೆರಳಿನ ಚಪ್ಪರದಲ್ಲಿ ಎರಡು ಮೂರು ವಾರಗಳಲ್ಲಿ ಮಣೂಕವಾಗಿ ಒಣಗಿಸಿಕೊಡುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ತಾಸಗಾವ, ಸಾಂಗಲಿ, ವಿಜಯಪುರಗಳ ಪೇಟೆಗಳಿಂದ ಅದು ದೇಶದ ಮೂಲೆಮೂಲೆಗೆ ಹೋಗುತ್ತದೆ. ನಾವು ಹೋಟೆಲಿನಲ್ಲಿ ಶಿರಾಕ್ಕೆ ಹಾಕುತ್ತಿದ್ದ ಒಣದ್ರಾಕ್ಷಿ ಆ ಸೀಮೆಯದೇ ಎಂಬುದನ್ನು ಇಷ್ಟು ವರ್ಷಗಳ ಬಳಿಕ ಅರಿತೆವು. ಬೆಂಗಳೂರಿನ ಸುತ್ತಣ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ನೀಲಿ ದ್ರಾಕ್ಷಿಯ ಮಾತು ಬೇರೆ. ಇಲ್ಲಿಯದು ಬೀಜವಿಲ್ಲದ ಥಾಮ್ಸನ್ ಜಾತಿ ಮತ್ತು ಅದರಿಂದ ಆಯ್ದ ತಾಸ್-ಎ-ಗಣೇಶ್, ಸೊನಾಕ, ಮಾಣಿಕ್ ಚಮನ್ ಮೊದಲಾದ ತಳಿಗಳು.

ಆದುದರಿಂದ ಒಣ ಸೀಮೆ ದ್ರಾಕ್ಷಿಗೆ ತವರು. ಆದರೆ ನೀರು ಕೊಡಬೇಕಾದವನು ಮನುಷ್ಯ. ಇದೇ ಇಲ್ಲಿಯ ಸಂಕಟ. ೧೯೭೨ರ ಬರಗಾಲವನ್ನು ಆ ಭಾಗದ ಹಿರಿಯರು ಇಂದಿಗೂ ಮರೆತಿಲ್ಲ. ೨೦೧೬ರಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದ್ದನ್ನು ದೇಶವೇ ಕಂಡಿತು. ೨೦೨೨ರ ಕೊನೆಯಲ್ಲಿ ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ಹೆಸರು ಎರಡು ರಾಜ್ಯಗಳ ವಿಧಾನಸಭೆಗಳವರೆಗೆ ಹೋದಾಗ ಭಾಷೆಯ ಮಾತಿನ ಜೊತೆಗೆ ನೀರಿನ ಮಾತೂ ಅಷ್ಟೇ ಗಟ್ಟಿಯಾಗಿ ಕೇಳಿಸಿತ್ತು. ಮ್ಹೈಸಾಳ, ಟಾಕಾರಿ, ಮುಳವಾಡಗಳ ಏತ ನೀರಾವರಿಗಳು ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ತರುತ್ತಿರುವುದು ನಿಜ. ಆದರೆ ಕಾಲುವೆಯ ಕೊನೆಯ ಹಳ್ಳಿಗೆ ಇಂದಿಗೂ ಕೊಳವೆಬಾವಿಯೇ ಗತಿ.

ಧಾರಾಪಾತ್ರೆಯಿಂದ ಹನಿಕೊಳವೆಗೆ

ಶಿವಾಲಯಗಳಲ್ಲಿ ಲಿಂಗದ ಮೇಲೆ ಧಾರಾಪಾತ್ರೆ ತೂಗುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಕೊಡ ನೀರು ಹನಿಹನಿಯಾಗಿ ದಿನವಿಡೀ ಬೀಳುತ್ತದೆ. ಗಿಡಕ್ಕೂ ಇದೇ ಉಪಾಯ ಮಾಡಬಹುದೆಂಬ ಅರಿವು ಹೊಸತಲ್ಲ. ಹಸಿ ಮಣ್ಣಿನ ಮಡಕೆಯನ್ನು ಸುಟ್ಟು, ಗಿಡದ ಬುಡದಲ್ಲಿ ಹೂಳಿ, ಅದರಲ್ಲಿ ನೀರು ತುಂಬಿ ಜಿನುಗಿಸುವ ವಿಧಾನವನ್ನು ಎರಡು ಸಾವಿರ ವರ್ಷಗಳಷ್ಟು ಹಿಂದಿನ ಚೀನದ ಕೃಷಿಗ್ರಂಥವೇ ಹೇಳಿದೆ. ನಮ್ಮ ದೇಶದ ಒಣ ಸೀಮೆಗಳಲ್ಲಿಯೂ ಸಸಿ ಬದುಕಿಸಲು ಮಡಕೆ ಹೂಳುವವರುಂಟು.

ಇಂದಿನ ಹನಿ ನೀರಾವರಿಯ ಕಥೆ ಇಸ್ರೇಲಿನದು. ಸಿಮ್ಖಾ ಬ್ಲಾಸ್ ಎಂಬ ಜಲತಂತ್ರಜ್ಞರು ೧೯೩೦ರ ದಶಕದಲ್ಲಿ ಒಂದು ಮರ ತನ್ನ ನೆರೆಯ ಮರಗಳಿಗಿಂತ ಎತ್ತರವಾಗಿ ಬೆಳೆದಿರುವುದನ್ನು ಕಂಡರಂತೆ. ಬುಡದಲ್ಲಿ ಅಗೆದು ನೋಡಿದರೆ ಸೋರುವ ಒಂದು ಕೊಳವೆ. ಆಗ ಲೋಹದ ಕೊಳವೆಗಳ ಕಾಲ. ಯೋಚನೆ ಯೋಚನೆಯಾಗಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ ಅಗ್ಗವಾದಾಗ ಅವರು ಅದನ್ನು ಮತ್ತೆ ಕೈಗೆತ್ತಿಕೊಂಡರು. ೧೯೬೫ರಲ್ಲಿ ನೆಗೆವ್ ಮರುಭೂಮಿಯ ಹತ್ಸೇರಿಂ ಎಂಬ ಸಹಕಾರಿ ಗ್ರಾಮದವರು ಅವರೊಡನೆ ಕೂಡಿ ನೆಟಾಫಿಮ್ ಕಾರಖಾನೆಯನ್ನು ತೆರೆದರು. ಹನಿಸುವ ತೂತು ಸಣ್ಣದಾದರೆ ಕಸ ಕಟ್ಟುತ್ತದೆ, ದೊಡ್ಡದಾದರೆ ನೀರು ಸುರಿಯುತ್ತದೆ. ತೂತನ್ನು ದೊಡ್ಡದಾಗಿಯೇ ಇಟ್ಟು, ನೀರು ಸುತ್ತಿ ಸುತ್ತಿ ಸಾಗುವ ಉದ್ದದ ದಾರಿಯನ್ನು ಮಾಡಿ ಅದರ ಒತ್ತಡವನ್ನು ಕುಗ್ಗಿಸಿದ್ದೇ ಅವರ ಬುದ್ಧಿವಂತಿಕೆ. ನಮ್ಮ ಕಡೆ ೧೯೮೦ರ ದಶಕದ ಕೊನೆಯಿಂದ ಜಳಗಾವಿನ ಭವರ್‌ಲಾಲ್ ಜೈನರ ಕಾರಖಾನೆ ಇದನ್ನು ರೈತರ ಹೊಲಗಳಿಗೆ ತಂದಿತು. ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ಅದನ್ನು ಮೊದಲು ಅಪ್ಪಿಕೊಂಡವರ ಸಾಲಿನಲ್ಲಿದ್ದರು.

ಕೂಡಿಸುವ ಕಳೆಯುವ ಲೆಕ್ಕ

ಈ ವಿಷಯದಲ್ಲಿ ದೊಡ್ಡ ಶಾಸ್ತ್ರಜ್ಞಾನ ಬೇಕಿಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ನಾವು ಕಲಿತ ಗಣಿತವೇ ಸಾಕಾಯಿತು. ಒಂದೆಕರೆ ನೆಲದ ಮೇಲೆ ಒಂದು ಮಿಲಿಮೀಟರು ದಪ್ಪ ನೀರು ನಿಂತರೆ ಅದು ಸುಮಾರು ೪,೦೫೦ ಲೀಟರು. ಇದೊಂದನ್ನು ನೆನಪಿಟ್ಟರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ.

ಹಿಂದಿನ ಪದ್ಧತಿಯಂತೆ ಸಾಲುಗಳಲ್ಲಿ ನೀರು ಹಾಯಿಸಿದರೆ ಒಂದು ಸಲಕ್ಕೆ ೫೦ ಮಿಲಿಮೀಟರಾದರೂ ಬೇಕು. ಎಂದರೆ ಎಕರೆಗೆ ಎರಡು ಲಕ್ಷ ಲೀಟರು. ಬೇಸಿಗೆಯಲ್ಲಿ ಅದು ಹತ್ತು ದಿನ ಬಂದರೆ ಹೆಚ್ಚು. ಅದರಲ್ಲಿ ಬಳ್ಳಿ ಕುಡಿಯುವುದೆಷ್ಟು? ಸಾಲುಗಳ ನಡುವಣ ಬರಿ ನೆಲದಿಂದ ಬಿಸಿಲು ಕುಡಿಯುವುದು ಒಂದು ಪಾಲು, ಕಳೆ ಕುಡಿಯುವುದು ಒಂದು ಪಾಲು, ಬೇರು ತಲುಪದ ಆಳಕ್ಕೆ ಇಳಿದುಹೋಗುವುದು ಇನ್ನೊಂದು ಪಾಲು.

ಹನಿ ಪದ್ಧತಿಯಲ್ಲಿ ಲೆಕ್ಕ ಬೇರೆ. ಬಯಲಿನಲ್ಲಿಟ್ಟ ಬಾನಿಯಿಂದ ದಿನಕ್ಕೆ ಎಷ್ಟು ಮಿಲಿಮೀಟರು ನೀರು ಆರಿತೆಂದು ನೋಡಬೇಕು. ಚಿಗುರು ಭರದಿಂದ ಬೆಳೆಯುವ ಕಾಲದಲ್ಲಿ ಅದರ ಹತ್ತರಲ್ಲಿ ನಾಲ್ಕು ಪಾಲಿನಷ್ಟು ನೀರು ಬಳ್ಳಿಗೆ ಸಾಕು. ದಿನಕ್ಕೆ ೮ ಮಿಲಿಮೀಟರು ಆರಿದರೆ ಬಳ್ಳಿಗೆ ೩.೨ ಮಿಲಿಮೀಟರು, ಎಂದರೆ ಎಕರೆಗೆ ಸುಮಾರು ೧೩,೦೦೦ ಲೀಟರು. ಹತ್ತು ಅಡಿ ಸಾಲು, ಐದು ಅಡಿ ಬಳ್ಳಿಯಂತೆ ನೆಟ್ಟ ಎಕರೆಯಲ್ಲಿ ಸುಮಾರು ೮೭೦ ಬಳ್ಳಿಗಳು. ಬಳ್ಳಿಗೆ ಬಂದದ್ದು ೧೫ ಲೀಟರು; ಒಂದು ಕೊಡಕ್ಕಿಂತ ತುಸು ಹೆಚ್ಚು. ಹತ್ತು ದಿನಕ್ಕೆ ೧,೩೦,೦೦೦ ಲೀಟರು. ಹಾಯಿಸುವುದಕ್ಕೂ ಹನಿಸುವುದಕ್ಕೂ ಇರುವ ಅಂತರ ೭೦,೦೦೦ ಲೀಟರು. ಹತ್ತು ಸಾವಿರ ಲೀಟರಿನ ಏಳು ಟ್ಯಾಂಕರುಗಳು! ಹೋಟೆಲಿನ ಹಿಂಬಾಗಿಲಲ್ಲಿ ಟ್ಯಾಂಕರಿನ ದಾರಿ ಕಾದು ನಿಂತವರಿಗೆ ಈ ಏಳು ಟ್ಯಾಂಕರುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಳ್ಳಿ ಕೇಳುವ ಕಾಲ, ಒಲ್ಲೆನೆನ್ನುವ ಕಾಲ

ಆದರೆ ದಿನವೂ ಅಷ್ಟೇ ನೀರು ಕೊಡತಕ್ಕದ್ದೆಂದು ತಿಳಿದರೆ ಅದು ತಪ್ಪು. ಪುಣೆಯ ಬಳಿ ಮಂಜರಿಯಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದವರು ಬಳ್ಳಿಯ ಬೆಳವಣಿಗೆಯ ಒಂದೊಂದು ಘಟ್ಟಕ್ಕೂ ನೀರಿನ ಪ್ರಮಾಣವನ್ನು ಗೊತ್ತುಪಡಿಸಿದ್ದಾರೆ.

ಈ ಸೀಮೆಯಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟಣಿ. ಏಪ್ರಿಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಇನ್ನೊಂದು. ಏಪ್ರಿಲಿನದು ಕಡ್ಡಿ ಬೆಳೆಸಲು, ಅಕ್ಟೋಬರಿನದು ಹಣ್ಣು ಬಿಡಿಸಲು. ಏಪ್ರಿಲಿನ ಚಾಟಣಿಯಾದ ಮೊದಲ ನಲವತ್ತು ದಿನ ಚಿಗುರು ಬೆಳೆಯುವ ಕಾಲ. ಆಗ ಮೇಲೆ ಹೇಳಿದಂತೆ ಪೂರ್ತಿ ನೀರು ಬೇಕು. ಅನಂತರ ಬರುವುದೇ ಸೋಜಿಗದ ಘಟ್ಟ. ಮುಂದಿನ ಚಳಿಗಾಲದಲ್ಲಿ ಬಿಡಬೇಕಾದ ಗೊಂಚಲು, ಹೊರಗೆ ಯಾವ ಗುರುತನ್ನೂ ತೋರದೆ, ಈ ಬೇಸಿಗೆಯ ಮೊಗ್ಗಿನೊಳಗೇ ರೂಪುಗೊಳ್ಳುತ್ತದೆ. ಆ ಮೊಗ್ಗಿಗೆ ಬಿಸಿಲು ಬೇಕು, ಬಳ್ಳಿಗೆ ಸ್ವಲ್ಪ ಬಾಯಾರಿಕೆಯೂ ಬೇಕು. ಆಗ ನೀರನ್ನು ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಸಬೇಕು. ಮಮತೆಯಿಂದ ಧಾರಾಳವಾಗಿ ಸುರಿದರೆ ಬಳ್ಳಿ ಎಲೆಯಲ್ಲಿ ಸೊಕ್ಕುತ್ತದೆ, ಅಕ್ಟೋಬರಿನಲ್ಲಿ ಬಂಜೆ ಕಡ್ಡಿ ಕೊಡುತ್ತದೆ. ಮುದ್ದು ಹೆಚ್ಚಾಗಿ ಮಕ್ಕಳು ಕೆಟ್ಟಂತೆ ಎಂದು ನಮ್ಮ ಸ್ನೇಹಿತರು ನಕ್ಕರು.

ಅಕ್ಟೋಬರಿನ ಚಾಟಣಿಯ ಬಳಿಕ ಮತ್ತೆ ಚಿಗುರಿಗೆ ನೀರು. ಹೂವಿನ ಕಾಲದಲ್ಲಿ ಮತ್ತೆ ಕಡಿತ. ಕಾಯಿ ಉಬ್ಬುವಾಗ ಪೂರ್ತಿ. ಕಾಯಿ ಉಬ್ಬುವಾಗ ಕೊಡದೆ ಉಳಿಸಿದ ನೀರು ಉಳಿತಾಯವಲ್ಲ, ನಷ್ಟ. ಆ ಗಾತ್ರ ಮತ್ತೆ ಬಾರದು. ಹಣ್ಣು ಮಾಗುವ ಕೊನೆಯ ದಿನಗಳಲ್ಲಿ ಮೆಲ್ಲನೆ ಕೈ ಹಿಡಿದರೆ ಸಕ್ಕರೆ ಏರುತ್ತದೆ. ಒಣಗಿಸಿಟ್ಟು ಒಮ್ಮೆಲೆ ಸುರಿದರೆ ಕಾಯಿ ಸೀಳುತ್ತದೆ. ಆದುದರಿಂದ ನೀರುಳಿಸುವುದೆಂದರೆ ಕಡಮೆ ಕೊಡುವುದು ಮಾತ್ರವಲ್ಲ. ಯಾವ ದಿನ ಕಡಮೆ, ಯಾವ ದಿನ ಪೂರ್ತಿ ಎಂಬುದನ್ನು ಬಲ್ಲವನಾಗುವುದು.

ಹತ್ತು ಬಟ್ಟಲುಗಳ ಪರೀಕ್ಷೆ

ಇನ್ನು ಆ ತೋಟದ ವಿಚಾರ. ತಂದೆಯವರು ಅರುವತ್ತು ದಾಟಿದವರು, ಮಿತಭಾಷಿಗಳು. ನಮ್ಮನ್ನು ಕಂಬಳಿಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟರು. “ತಲೀ ಕಡೀ ಬಳ್ಳಿ ಚಲೋ ಅದಾವ್ರಿ, ಬಾಲದ ಕಡೀ ಬಳ್ಳಿ ಬಾಡಾಕತ್ತಾವು. ನೀರು ಸಾಲಂಗಿಲ್ಲ. ಇನ್ನೊಂದು ಬೋರ್ ಬಿತ್ತಂದ್ರ ಬದುಕತಾವು” ಎಂದರು. ತೋಟಕ್ಕೆ ಹನಿಕೊಳವೆ ಹಾಕಿ ಏಳು ವರ್ಷಗಳಾಗಿದ್ದವು. ಕೊಳವೆಬಾವಿಗಳ ನೀರನ್ನು ಹಳೆಯ ತೆರೆದ ಬಾವಿಗೆ ಬಿಟ್ಟುಕೊಂಡು, ಅಲ್ಲಿಂದ ಮತ್ತೊಂದು ಪಂಪಿನಿಂದ ತೋಟಕ್ಕೆ ಹರಿಸುತ್ತಿದ್ದರು. ಬಾಲದ ಬಳ್ಳಿಗಳ ಬಾಡನ್ನು ಕಂಡು ದಿನಕ್ಕೆ ಎರಡು ಗಂಟೆ ಓಡಿಸುತ್ತಿದ್ದ ಪಂಪನ್ನು ಮೂರು ಗಂಟೆ ಓಡಿಸತೊಡಗಿದ್ದರು. ತೆರೆದ ಬಾವಿ ತಳ ಕಂಡಿತ್ತು.

ನಮ್ಮ ಸ್ನೇಹಿತರು ಮನೆಯಿಂದ ಹತ್ತು ಬಟ್ಟಲುಗಳನ್ನೂ ಒಂದು ಲೀಟರಿನ ಅಳತೆಯ ಪಾತ್ರೆಯನ್ನೂ ತರಿಸಿದರು. ಒಂದೊಂದು ಸಾಲಿನ ತಲೆ, ನಡು, ಬಾಲಗಳಲ್ಲಿ ಹನಿಯುವ ಬಾಯಿಗಳ ಕೆಳಗೆ ಗುಳಿ ತೋಡಿ ಬಟ್ಟಲಿಟ್ಟು ಪಂಪು ಹಾಕಿಸಿದರು. ಗಂಟೆಗೆ ೪ ಲೀಟರು ಹನಿಸಬೇಕಾದ ಬಾಯಿ ಹದಿನೈದು ನಿಮಿಷಗಳಲ್ಲಿ ಒಂದು ಲೀಟರು ಕೊಡಬೇಕು. ತಲೆಯ ಬಟ್ಟಲುಗಳಲ್ಲಿ ಲೀಟರಿಗೂ ಮಿಕ್ಕಿ ಬಂತು. ನಡುವಿನವುಗಳಲ್ಲಿ ಮುಕ್ಕಾಲು ಲೀಟರು. ಬಾಲದವುಗಳಲ್ಲಿ ಅರ್ಧವೂ ಇಲ್ಲ. ಒಂದರಲ್ಲಿ ಬರಿದೆ ತೇವ. ಕೊಳವೆಯ ಕೊನೆಯ ಬಿರಡೆ ಬಿಚ್ಚಿದಾಗ ಕೆಂಪು ಕೆಸರೂ ಸುಣ್ಣದ ಬಿಳಿ ಚೂರುಗಳೂ ಹೊರಬಿದ್ದವು. ಶೋಧಕದ ಜಾಲರಿ ಹರಿದು ಎಷ್ಟು ಕಾಲವಾಗಿತ್ತೋ!

ಆ ಕ್ಷಣದಲ್ಲಿ ಎಲ್ಲರಿಗೂ ಸಂಗತಿ ಅರ್ಥವಾಯಿತು. ಬಾಲದ ಬಳ್ಳಿಗಳು ಬಾಡುತ್ತಿದ್ದುದು ಬಾವಿಯಲ್ಲಿ ನೀರಿಲ್ಲದುದರಿಂದ ಮಾತ್ರವಲ್ಲ, ಇದ್ದ ನೀರು ಅವುಗಳನ್ನು ತಲುಪದೆ ಹೋದುದರಿಂದ. ತಲೆಯ ಬಳ್ಳಿಗಳು ಬೇಕಾದುದಕ್ಕಿಂತ ಹೆಚ್ಚು ಕುಡಿದು, ಕುಡಿಯಲಾರದ್ದನ್ನು ನೆಲದಾಳಕ್ಕೆ ಬಿಡುತ್ತಿದ್ದವು. ದಿನಕ್ಕೆ ಮೂವತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು ವೆಚ್ಚವಾಗುತ್ತಿತ್ತು. ಬಾವಿಗಳೆರಡೂ ಕೂಡಿ ಕೊಡುತ್ತಿದ್ದುದು, ಗಂಟೆಗೆ ೩,೦೦೦ದಂತೆ ವಿದ್ಯುತ್ತು ಇರುವ ಏಳು ಗಂಟೆಗಳಲ್ಲಿ, ೨೧,೦೦೦ ಲೀಟರು. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಅಂಗಡಿ ಎಷ್ಟು ದಿನ ನಡೆದೀತು? ಹೊಸ ಬಾವಿ ಕೊರೆದಿದ್ದರೂ ಆ ನೀರು ಮತ್ತೆ ತಲೆಯ ಬಳ್ಳಿಗಳಿಗೇ ಹೋಗುತ್ತಿತ್ತು.

ಮರುದಿನದಿಂದ ತಂದೆ ಮಕ್ಕಳು ಕೆಲಸಕ್ಕೆ ನಿಂತರು. ಶೋಧಕಕ್ಕೆ ಹೊಸ ಜಾಲರಿ ಬಂತು. ಸಾಲುಸಾಲಿನ ಬಿರಡೆ ಬಿಚ್ಚಿ ಕೆಸರು ಹೋಗುವವರೆಗೆ ತೊಳೆದರು. ಸುಣ್ಣ ಕರಗಿಸಲು ನೀರಿಗೆ ಅಳತೆಯ ಆಮ್ಲವನ್ನು ಬೆರೆಸಿ ಕೊಳವೆಗಳಲ್ಲಿ ಒಂದು ದಿನ ನಿಲ್ಲಿಸಿ ಮತ್ತೆ ತೊಳೆದರು. ಇಲ್ಲಿ ಒಂದು ಎಚ್ಚರಿಕೆ: ನೀರಿಗೆ ಆಮ್ಲವನ್ನು ಹಾಕಬೇಕಲ್ಲದೆ ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು, ಸಿಡಿದು ಕಣ್ಣು ಹೋದೀತು. ತಿಳಿದವರನ್ನು ಕೂಡಿಕೊಂಡೇ ಮಾಡತಕ್ಕ ಕೆಲಸವಿದು. ತೀರ ಕೆಟ್ಟ ಬಾಯಿಗಳನ್ನು ಕಿತ್ತು ಹೊಸವನ್ನು ಚುಚ್ಚಿದರು. ಮತ್ತೆ ಬಟ್ಟಲಿಟ್ಟಾಗ ಬಾಲದಲ್ಲಿಯೂ ಲೀಟರಿನ ಹತ್ತಿರ ಬಂತು.

ಇನ್ನಷ್ಟು ಉಪಾಯಗಳು

ಹನಿಕೊಳವೆಯೊಂದರಿಂದಲೇ ಎಲ್ಲವೂ ಮುಗಿಯುವುದಿಲ್ಲ. ಕಬ್ಬಿನ ಸಿಪ್ಪೆ, ರವದಿ, ಒಣ ಹುಲ್ಲು ಯಾವುದಾದರೂ ಸರಿ, ಬಳ್ಳಿಯ ಬುಡದ ಬೋದನ್ನು ಮುಚ್ಚಿದರೆ ಹಸಿ ಮಣ್ಣಿಗೆ ಬಿಸಿಲು ತಾಗದು. ಹನಿಯುವ ನೀರನ್ನು ಸಣ್ಣ ಕೊಳವೆಯಿಂದ ಒಂದು ಗೇಣು ಆಳಕ್ಕೆ, ನೇರವಾಗಿ ಬೇರಿನ ಬಳಿಗೆ ಇಳಿಸುವ ಪದ್ಧತಿಯನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ಮೇಲ್ಮೈ ಒಣಗಿಯೇ ಇರುವುದರಿಂದ ಆರಿ ಹೋಗುವುದು ತಪ್ಪುತ್ತದೆ, ಕಳೆಯೂ ಕಡಮೆ.

೧೯೯೦ರ ದಶಕದಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಪೀಟರ್ ಡ್ರೈ ಮತ್ತು ಬ್ರಯನ್ ಲವೀಸ್ ಎಂಬ ವಿಜ್ಞಾನಿಗಳು ಇನ್ನೊಂದು ವಿಧಾನವನ್ನು ರೂಪಿಸಿದರು. ಬಳ್ಳಿಯ ಎರಡು ಬದಿಗೂ ಕೊಳವೆ ಹಾಕಿ, ಕೆಲವು ದಿನ ಒಂದು ಬದಿಗೆ ಮಾತ್ರ ನೀರು, ಆ ಬಳಿಕ ಮತ್ತೊಂದು ಬದಿಗೆ. ಒಣಗಿದ ಬೇರುಗಳು ಒಂದು ರಸವನ್ನು ಎಲೆಗಳಿಗೆ ಕಳುಹಿಸಿ, ಬರ ಬಂತು, ಬಾಯಿ ಮುಚ್ಚಿಕೊಳ್ಳಿರಿ ಎಂದು ಎಚ್ಚರಿಸುತ್ತವೆ. ಎಲೆಗಳು ತಮ್ಮ ಸೂಕ್ಷ್ಮ ರಂಧ್ರಗಳನ್ನು ಕಿರಿದುಗೊಳಿಸಿ ಆವಿಯನ್ನು ಉಳಿಸುತ್ತವೆ. ಹಸಿಯಾದ ಬದಿಯ ಬೇರುಗಳು ಬಳ್ಳಿಗೆ ಸಾಕಷ್ಟು ನೀರು ಕೊಡುತ್ತಲೇ ಇರುತ್ತವೆ. ಮದ್ಯದ ದ್ರಾಕ್ಷಿಗೆ ಇದು ಹೊಂದಿಬಂತು. ಕಾಯಿ ದಪ್ಪನಾಗಿರಬೇಕಾದ ತಿನ್ನುವ ದ್ರಾಕ್ಷಿಯಲ್ಲಿ ಮಾತ್ರ ಎಚ್ಚರದಿಂದ ನಡೆಯಬೇಕು.

ಬೇರಿನ ಆಯ್ಕೆಯೂ ಮುಖ್ಯ. ಅಮೆರಿಕದ ಟೆಕ್ಸಾಸಿನ ಕಾಡುದ್ರಾಕ್ಷಿಯಿಂದ ಬಂದ ಡಾಗ್ರಿಜ್ ಎಂಬ ಬೇರುಗಿಡಕ್ಕೆ ನಮ್ಮ ತಳಿಗಳನ್ನು ಕಸಿ ಕಟ್ಟುವುದು ಈ ಸೀಮೆಯಲ್ಲಿ ರೂಢಿಯಾಗಿದೆ. ಅದು ಬರವನ್ನೂ ಉಪ್ಪುನೀರನ್ನೂ ತಾಳುತ್ತದೆ. ಉಪ್ಪಿನ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಆಳದ ಬಾವಿಯ ಗಡಸು ನೀರನ್ನು ಹನಿಸುತ್ತ ಹೋದರೆ ಹಸಿ ಮಣ್ಣಿನ ಅಂಚಿನಲ್ಲಿ ಉಪ್ಪು ಸಂಗ್ರಹವಾಗುತ್ತದೆ. ಮೊದಲ ತುಂತುರು ಮಳೆ ಅದನ್ನು ಬೇರಿನತ್ತ ತಳ್ಳುತ್ತದೆ. ಮಳೆ ಬಂತೆಂದು ಹನಿ ನಿಲ್ಲಿಸದೆ ಆಗಲೇ ಸ್ವಲ್ಪ ಹೊತ್ತು ನಡೆಸಬೇಕೆಂಬುದು ಇದಕ್ಕೇ.

ಉಳಿದ ನೀರು ಎಲ್ಲಿಗೆ ಹೋಯಿತು?

ಇಷ್ಟನ್ನು ಬರೆದು ಮುಗಿಸಿದರೆ ಲೇಖನ ಸುಖಾಂತವಾದೀತು. ಆದರೆ ನಾವು ಆ ಸೀಮೆಯಲ್ಲಿ ಕಂಡ ಒಂದು ಅಪ್ರಿಯ ಸತ್ಯವನ್ನು ಮುಚ್ಚಿಡಲಾರೆವು. ಹನಿಕೊಳವೆ ಇಲ್ಲದ ದ್ರಾಕ್ಷಿ ತೋಟ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೂ ಬಾವಿಗಳು ಬತ್ತುತ್ತಲೇ ಇವೆ. ಇದೇಕೆ?

ಎಕರೆಗೆ ಮೂರನೆಯ ಒಂದು ಪಾಲು ನೀರು ಉಳಿಯಿತೆಂದು ಹೇಳೋಣ. ಎರಡೆಕರೆಯವನು ಆ ಉಳಿದ ನೀರಿನಿಂದ ಮೂರನೆಯ ಎಕರೆಯಲ್ಲಿ ಬಳ್ಳಿ ನೆಟ್ಟರೆ ನೆಲದೊಳಗೆ ಉಳಿದದ್ದೆಷ್ಟು? ಒಂದು ಹನಿಯೂ ಇಲ್ಲ. ಮೊದಲು ಮೇಲಿನಿಂದ ಹಾಯಿಸಿದಾಗ ಇಂಗಿ ಮತ್ತೆ ಬಾವಿ ಸೇರುತ್ತಿದ್ದ ಪಾಲೂ ಈಗಿಲ್ಲ. ಅವನ ಆದಾಯ ಹೆಚ್ಚಿತು, ನಿಜ, ಅದು ಅಪರಾಧವಲ್ಲ. ಆದರೆ ಊರಿನ ನೀರು ಉಳಿಯಲಿಲ್ಲ. ಉಳಿತಾಯವೆಂಬ ಹೆಸರಿನಲ್ಲಿ ವೆಚ್ಚವೇ ಬೆಳೆಯಿತು. ಬರ ಬಂದ ವರ್ಷ ಮೂರೆಕರೆಗೂ ಟ್ಯಾಂಕರು ತರಿಸಬೇಕಾಗುತ್ತದೆ. ಅದೇ ಊರಿನ ಹೆಣ್ಣುಮಕ್ಕಳು ಕುಡಿಯುವ ನೀರಿಗೆ ಕೊಡ ಹೊತ್ತು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳ ಮಾತೂ ಹೀಗೆಯೇ. ಓಡುವ ಮಳೆನೀರನ್ನು ತಡೆದು ತುಂಬಿಸಿದರೆ ಅದು ಪುಣ್ಯಕಾರ್ಯ. ಆದರೆ ಕೊಳವೆಬಾವಿಯ ನೀರನ್ನೇ ಮೇಲೆತ್ತಿ ಹೊಂಡ ತುಂಬಿಸಿಕೊಳ್ಳುವವರನ್ನು ನಾವು ಕಂಡೆವು. ಮೂವತ್ತು ಮೀಟರು ಉದ್ದ, ಅಷ್ಟೇ ಅಗಲದ ಹೊಂಡದಿಂದ ದಿನಕ್ಕೆ ೭ ಮಿಲಿಮೀಟರು ಆರಿದರೂ ೬,೩೦೦ ಲೀಟರು ಆಕಾಶದ ಪಾಲು. ಹನಿಸಿ ಬೆಳೆದ ಅರ್ಧ ಎಕರೆಯ ಒಂದು ದಿನದ ಅನ್ನವದು. ನೆರಳಿನಲ್ಲಿ, ಬಂಡೆಯ ಕೆಳಗೆ, ತಂಪಾಗಿದ್ದ ನೀರನ್ನು ಬಿಸಿಲಿಗೆ ತಂದು ಹರವಿಟ್ಟಂತೆ.

ಸರಕಾರಗಳು ಕೈಕಟ್ಟಿ ಕುಳಿತಿಲ್ಲ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಮಾರ್ಗಸೂಚಿಯಲ್ಲಿ ಹನಿ ನೀರಾವರಿಗೆ ಸಣ್ಣ ರೈತರಿಗೆ ನೂರಕ್ಕೆ ೫೫, ಇತರರಿಗೆ ೪೫ ಸಹಾಯಧನವೆಂದು ಗೊತ್ತುಪಡಿಸಲಾಯಿತು. ರಾಜ್ಯಗಳು ಅದಕ್ಕೆ ತಮ್ಮ ಪಾಲನ್ನೂ ಸೇರಿಸಿದವು. ಕೊಳವೆ ಹಾಕಿಸಲು ನೆರವುಂಟು. ಆದರೆ ಹಾಕಿದ ಕೊಳವೆ ಏಳು ವರ್ಷಗಳ ಬಳಿಕ ಹೇಗೆ ಹನಿಯುತ್ತಿದೆ ಎಂದು ಬಟ್ಟಲಿಟ್ಟು ನೋಡುವವರಾರು? ಊರಿನ ನೀರು ಇಷ್ಟು, ಅದಕ್ಕೆ ಬಳ್ಳಿ ಇಷ್ಟೆಕರೆ ಎಂದು ಕೂಡಿ ಕುಳಿತು ಲೆಕ್ಕ ಹಾಕುವವರಾರು? ಈ ಎರಡು ಕೆಲಸಗಳನ್ನು ಊರವರೇ ಮಾಡಬೇಕು.

ಒಂದು ಚೀಲ ಮಣೂಕ

ನಮ್ಮ ತರುಣರ ಮನೆಯಲ್ಲಿ ಆ ಲೆಕ್ಕ ಆ ಸಂಜೆಯೇ ನಡೆಯಿತು. ಕೊಳವೆ ಸರಿಯಾದರೂ ಎರಡೆಕರೆಗೆ ಉರಿಬೇಸಿಗೆಯಲ್ಲಿ ೨೬,೦೦೦ ಲೀಟರು ಬೇಕು. ಬಾವಿ ಕೊಡುವುದು ೨೧,೦೦೦. ಒಂದೂವರೆ ಎಕರೆಗಾದರೆ ೧೯,೫೦೦. ಹಾಗಾದರೆ ಅರ್ಧ ಎಕರೆ ಹೋಗಬೇಕು. ಬಾಲದ ಕಡೆಯ ಮುದಿ ಬಳ್ಳಿಗಳನ್ನು ಕೀಳುವುದೆಂದು ತೀರ್ಮಾನವಾದಾಗ ತಂದೆಯವರು ಎದ್ದು ಹೊರಗೆ ಹೋದರು. ತಮ್ಮ ಕೈಯಿಂದಲೇ ಕಸಿ ಕಟ್ಟಿ ಬೆಳೆಸಿದ ಬಳ್ಳಿಗಳವು. ಬಹಳ ಹೊತ್ತಿನ ಮೇಲೆ ಒಳಗೆ ಬಂದು, “ಎಲ್ಲಾ ಸಾಯೋದಕ್ಕಿಂತ ಅರ್ಧ ಬದುಕೋದು ಚಲೋ” ಎಂದಷ್ಟೇ ಹೇಳಿದರು. ನಾವು ಆ ಮಾತನ್ನು ಮರೆಯಲಾರೆವು.

ಈ ಮಾಘದಲ್ಲಿ ತರುಣರು ಮತ್ತೆ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಒಂದು ಸಣ್ಣ ಚೀಲ ಮಣೂಕವಿತ್ತು. ಒಂದೂವರೆ ಎಕರೆಯಲ್ಲಿ ಹೋದ ವರ್ಷದ ಎರಡೆಕರೆಯಷ್ಟು ಬೆಳೆ ಬಂದಿರಲಿಲ್ಲ. ಬಹಳ ಕಡಮೆಯೂ ಆಗಿರಲಿಲ್ಲ. ಮೂರನೆಯ ಬಾವಿ ಕೊರೆಯಲಿಲ್ಲ. ಡೊಂಬಿವಲಿಯ ಕೋಣೆಗೆ ಮುಂಗಡ ಕೊಟ್ಟಾಗಿದೆ. ಖಾಲಿಯಾದ ಅರ್ಧ ಎಕರೆಯಲ್ಲಿ ತಂದೆಯವರು ಮಳೆಯಾಶ್ರಯದ ಜೋಳ ಬಿತ್ತಿದ್ದರಂತೆ. “ಇನ್ನೊಂದು ಬೋರ್ ಹಾಕಿಸಿದ್ದರೆ ಎಲ್ಲವೂ ಉಳಿಯುತ್ತಿತ್ತು ಎಂದು ಆಗಾಗ ಈಗಲೂ ಹೇಳುತ್ತಾರೆ. ಆದರೆ ತಿಂಗಳಿಗೊಮ್ಮೆ ಬಟ್ಟಲಿಡುವುದನ್ನು ಮರೆಯುವುದಿಲ್ಲ” ಎಂದು ನಕ್ಕರು.

ಮುಂಬಯಿ, ಪುಣೆ, ಸೋಲಾಪುರ, ಹೈದರಾಬಾದುಗಳಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರ ದುಡಿಮೆ ಊರಿನ ಬಾವಿಯೊಳಗೆ ಇಳಿಯುತ್ತಿದೆ. ಹಣ ಕಳುಹಿಸಬೇಡಿರೆಂದು ನಾವು ಹೇಳೆವು. ಹೆತ್ತವರ ಮಾತು ಮೀರುವುದು ನಮ್ಮ ಸಂಪ್ರದಾಯವಲ್ಲ. ಆದರೆ ಕೊರೆಯುವ ಯಂತ್ರಕ್ಕೆ ಹಣ ಕಟ್ಟುವ ಮೊದಲು ರಜೆ ಹಾಕಿ ಒಮ್ಮೆ ಊರಿಗೆ ಹೋಗಿರಿ. ಹತ್ತು ಬಟ್ಟಲುಗಳನ್ನಿಟ್ಟು ಹದಿನೈದು ನಿಮಿಷ ಕಾದು ನೋಡಿರಿ. ಬಾವಿ ಕೊಡುವುದೆಷ್ಟು, ಬಳ್ಳಿ ಕೇಳುವುದೆಷ್ಟು ಎಂದು ತಂದೆಯವರ ಪಕ್ಕದಲ್ಲಿ ಕುಳಿತು ಬರೆಯಿರಿ. ಹನಿಗೂಡಿದರೆ ಹಳ್ಳವೆಂಬುದು ನಮ್ಮ ಹಿರಿಯರ ಮಾತು. ಹನಿ ಸೋರಿದರೆ ಬಾವಿಯೂ ಬರಿದಾಗುವುದೆಂಬುದನ್ನು ನಮ್ಮ ಕಾಲ ಅದಕ್ಕೆ ಸೇರಿಸಿದೆ.